ಎದುರು ಗುಡ್ಡದ ಬಿಳಿ ಟೊಪ್ಪಿಗೆ

ಮೊಣಕಾಲು ಆಪರೇಷನ್ ಆದ ನಾನು ಬಾದಾಮಿ ಗುಡ್ಡ ಹತ್ತೋದು ಸುಳ್ಳು ಎಂದು ಹೇಳಿ ಮನೆಯವಳು ಕೆಳಗೆ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಿವೃತ್ತನ ಹಟ ಕೆರಳಲು ಅಷ್ಟು ಸಾಕಲ್ಲವೇ? ಕಡಿದಾದ ಬಂಡೆಸಂದಿಯಲ್ಲಿ ಕೂರುತ್ತ ಏಳುತ್ತ, ಊರೆಲ್ಲ ಕಾಣುವ ತುದಿ ಮುಟ್ಟಿ, ತಲೆಯ ಬಿಳಿ ಟೊಪ್ಪಿಗೆ ಸರಿಮಾಡಿಕೊಂಡು ಆಕೆಗೆ ಫೋನ್ ಮಾಡಿದೆ.

“ಬಿಳಿ ಟೊಪ್ಪಿಗಿ ಕಂಡತ್ರಿ. ಕೈ ಬೀಸ್ರಿ.”

ಬೀಸಿದೆ.

“ಎರಡೂ ಕೈ ಬೀಸಬ್ಯಾಡ್ರಿ, ಬಿದ್ದೀರಿ.”

ನನ್ನ ಒಂದು ಕೈಯಲ್ಲಿ ಫೋನಿತ್ತು. ತಲೆ ಕೆಟ್ಟು ಬಗ್ಗಿ ನೋಡಿದರೆ, ಆಕೆ ನನಗೆ ಬೆನ್ನು ಹಾಕಿ ಎದುರು ಗುಡ್ಡಕ್ಕೆ ಕೈ ಬೀಸುತ್ತಿದ್ದಾಳೆ. ಅಲ್ಲೊಬ್ಬ ಬಿಳಿ ಟೊಪ್ಪಿಗೆಯವ ಎರಡೂ ಕೈ ಎತ್ತಿ ನಿಂತಿದ್ದ.

“ಏ, ನಾ ಈ ಕಡೆ ಅದೇನಿ. ಹಿಂದ ತಿರುಗಿ ನೋಡು.”

“ಸಾಕ್ರಿ ಚ್ಯಾಷ್ಟಿ. ಕಣ್ಣಾರೆ ನೋಡಾಕತ್ತೇನಿ.”

ಈಗ ಮನೆಗೆ ಬಂದವರಿಗೆಲ್ಲ ನನ್ನ ಸಾಹಸ ಹೊಗಳುತ್ತಾಳೆ. ನಾನೂ ತಿದ್ದಲು ಹೋಗುವುದಿಲ್ಲ. ಆ ಮನುಷ್ಯ ಹತ್ತಿದ್ದೂ ಸಣ್ಣ ಗುಡ್ಡವೇನಲ್ಲ.