ಬರೇ ತಿರುವಾಕತ್ತೀನಿ

ನಾನು ತಿರುಗಿ ನೋಡುವಷ್ಟರಲ್ಲಿ ನಮ್ಮತ್ತೆ ಜಪಾನಿ ಅಜ್ಜಿಯ ಕೈಯಿಂದ ಕಡ್ಡಿ ಕಿತ್ತುಕೊಂಡು ಆಕೆಯ ಹೆಂಚಿನ ಮೇಲೆ ಬಗ್ಗಿದ್ದರು.

"ಹಂಗಲ್ರೀ ಅಕ್ಕಾರ, ತಳ ಸೀದೀತು! ಲಗೂನ ತಿರುವ್ರಿ," ಎಂದು ಹುಬ್ಬಳ್ಳಿ ಕನ್ನಡದಲ್ಲಿ ಪಾಠ ಬೇರೆ.

ಅಮೆರಿಕದ ಮನ್ರೋ ಊರಿನ ನಮ್ಮ ಮನೆಯಿಂದ ಜಪಾನಿಗಳ ದೇವರ ಹಬ್ಬ ನೋಡಲು ಹೋಗಿದ್ದೆವು. ಮೊಟ್ಟೆ ಇಟ್ಟಿದ್ದೆನೆಂದು ನನ್ನ ಫ್ರಿಜ್ಜನ್ನು ಅರಿಶಿನದ ನೀರಿನಲ್ಲಿ ಒರೆಸಿಸಿದ ಮಹಾತಾಯಿ, ತಿಂಡಿ ಸ್ಟಾಲಿನಲ್ಲಿ ಥೇಟ್ ಪಡ್ಡಿನ ಹೆಂಚು ಕಂಡದ್ದೇ ಲೋಕವನ್ನೇ ಮರೆತಿದ್ದರು. ಅವರು ತಿರುವಿದ ದುಂಡನೆಯ ಉಂಡೆಗಳಿಗೆ ಅಜ್ಜಿ ಚಪ್ಪಾಳೆ ತಟ್ಟಿದರು. ಅತ್ತೆ ನಕ್ಕರು. ಮದುವೆಯಾದಾಗಿನಿಂದ ನನ್ನ ಯಾವ ಅಡುಗೆಗೂ ಸಿಗದ ನಗು ಅದು.

ಅಜ್ಜಿ ಪ್ರೀತಿಯಿಂದ ಒಂದು ತಟ್ಟೆ ಚಾಚಿದರು. ಹೇಳಲೋ ಬೇಡವೋ ಎಂದು ಕ್ಷಣಕಾಲ ಹಿಂದುಮುಂದು ನೋಡಿದೆ. ಆಮೇಲೆ ಒಳ್ಳೆಯ ಸೊಸೆಯಾಗಿ, ಒಳಗಿರುವುದು ಈರುಳ್ಳಿಯಲ್ಲ, ಆಕ್ಟೋಪಸ್ ಎಂಬ ಎಂಟು ಕಾಲಿನ ಸಮುದ್ರಪ್ರಾಣಿ ಎಂದು ತಿಳಿಸಿದೆ.

ಅತ್ತೆ ತಟ್ಟೆ ಬೇಡವೆಂದು ಕೈಮುಗಿದರು. ಆದರೆ ಕಡ್ಡಿ ಮಾತ್ರ ಬಿಡಲಿಲ್ಲ.

"ನಾ ಎಲ್ಲಿ ತಿನ್ನಾಕತ್ತೀನಿ? ಬರೇ ತಿರುವಾಕತ್ತೀನಿ," ಎಂದು ಹೆಂಚಿನಲ್ಲಿ ಉಳಿದ ಸಾಲನ್ನೂ ತಿರುವಿ ಮುಗಿಸಿದರು.

ಮನೆಗೆ ಬಂದು ಅತ್ತೆಯ ತಲೆಸ್ನಾನವಾಯಿತು. ಮುಂದಿನ ಸಲ ಅವರ ಟಿಕೆಟನ್ನು ಈ ಹಬ್ಬ ನೋಡಿಕೊಂಡೇ ಬುಕ್ ಮಾಡಬೇಕಂತೆ. ಪಾಪ, ಆ ಅಜ್ಜಿಗೆ ಇನ್ನೂ ಕೈ ಕುದುರಿಲ್ಲವಂತೆ.