ಅಕ್ಕಾವರ ಸರಕಾರಿ ಇದ್ದಲಿ

ಕಳೆದ ವಾರ ಮುಂಡರಗಿ ಬಸ್ ನಿಲ್ದಾಣದ ಹೊರಗೆ ಒಬ್ಬಾಕೆ ಶೇಗಡಿ ಮುಂದಿಟ್ಟುಕೊಂಡು ಗೋವಿನಜೋಳದ ತೆನೆ ಸುಡುತ್ತಿದ್ದಳು. ಇದ್ದಲಿ ಆಗಷ್ಟೇ ಹೊತ್ತಿಕೊಳ್ಳುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕಾವರು ನೆನಪಾದರು. ಅವರ ಬೆನ್ನಿಗೇ ನನ್ನ ಹಳೆಯ ಹೊಟ್ಟೆಕಿಚ್ಚೂ ಬಂತು. ಇಷ್ಟು ವಯಸ್ಸಾದರೂ ಅದು ನನ್ನನ್ನು ಬಿಟ್ಟಿಲ್ಲ.

ಅಕ್ಕಾವರು ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯವರು. ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಒಂಟಿ ಜೀವ. ಮುಂಬಯಿ ಸರಕಾರದ ಪಿಂಚಣಿ ಬರುತ್ತಿತ್ತು. ಅದು ಸಾಲದೆಂಬಂತೆ, ಥಂಡಿ ದಿನಗಳಲ್ಲಿ ಮೈ ಕಾಸಿಕೊಳ್ಳಲೆಂದು ವಯಸ್ಸಾದ ಪಿಂಚಣಿದಾರರಿಗೆ ಸರಕಾರ ಕೊಡುವ ಇದ್ದಲಿ ಚೀಲ ಬೇರೆ! ಮನೆಯಲ್ಲಿ ಅವರನ್ನೇ ನಂಬಿಕೊಂಡ ಇನ್ನೊಂದು ಮುದಿಜೀವ ಇದ್ದರೆ ಎರಡು ಚೀಲ. ಗಾಡಿಯವನು ಅವರ ಕಟ್ಟೆಯ ಮೇಲೆ ಚೀಲ ಇಳಿಸುವಾಗ ನಾನು ಬೇಕೆಂದೇ ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡುತ್ತಿದ್ದೆ.

ನನ್ನ ಅವ್ವನೂ ಶಾಲೆಗೇ ದುಡಿದವಳು. ಲಕ್ಷ್ಮೇಶ್ವರ ಇನ್ನೂ ಸಂಸ್ಥಾನದ ಊರಾಗಿದ್ದಾಗ, ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆದು ಶಾಲೆಗೆ ಮುಟ್ಟಿಸುವುದು, ಸಂಜೆ ಮತ್ತೆ ಮನೆಗೆ ಬಿಡುವುದು ಅವಳ ಕೆಲಸ. ಅಕ್ಕಾವರು ಕಲಿಸಿದಷ್ಟೇ ವರ್ಷ ಅವ್ವ ನಡೆದಳು. ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು, ಅವ್ವನ ಹೆಸರಿನ ಒಂದು ಕಾಗದವೂ ಎಲ್ಲೂ ಸಿಗಲಿಲ್ಲ. ಪಿಂಚಣಿ ಇಲ್ಲ ಅಂದಮೇಲೆ ಇದ್ದಲಿ ಎಲ್ಲಿಯದು? ಅವಳನ್ನು ನನ್ನ ಮನೆಗೆ ಕರೆತಂದೆ. ನನ್ನ ಗಂಡ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನಮ್ಮ ಕುಳ್ಳು, ಹತ್ತಿಯ ಕಟ್ಟಿಗೆ ಅಡುಗೆಗಷ್ಟೇ ಸಾಲುತ್ತಿದ್ದವು.

ಮಾಗಿಯ ಗಾಳಿ ಬಿಟ್ಟಿತೆಂದರೆ ಅವ್ವನಿಗೆ ಎದೆ ಕಟ್ಟುತ್ತಿತ್ತು. ಸಂಜೆಯಾಗುತ್ತಲೇ ಕೌದಿ ಹೊದ್ದುಕೊಂಡು ಅಕ್ಕಾವರ ಮನೆಗೆ ಹೊರಟುಬಿಡುತ್ತಿದ್ದಳು. ಚೀಲದ ತಳದ ಪುಡಿಗೆ ಸಗಣಿ ಕಲಸಿ ಇಬ್ಬರೂ ಉಂಡೆ ಕಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಕುಳ್ಳು ತಟ್ಟು ಅಂದರೆ ಸೊಂಟ ನೋವು ಅನ್ನುವವಳು ಅಲ್ಲಿ ನಕ್ಕೋತ ಉಂಡೆ ಕಟ್ಟುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿ.

“ದಿನಾ ಅಲ್ಲೇನ ಐತಿ ನಿನಗ?” ಎಂದು ಒಂದು ದಿನ ಕೇಳಿಯೇಬಿಟ್ಟೆ.

“ಬೆಚ್ಚಗ ಐತೆವ್ವ.”

“ನಮ್ಮ ಮನ್ಯಾಗ ಒಲಿ ಇಲ್ಲೇನು?”

“ನಿನ್ನ ಒಲಿ ರೊಟ್ಟಿ ಬೇಸಾಕ ಐತಿ. ಅದರ ಮುಂದ ಕುಂತ್ರ, ಅಡ್ಡ ಬರಬ್ಯಾಡ ಅಂತಿ,” ಅಂದಳು ಅವ್ವ. ಸಿಟ್ಟಿನಿಂದಲ್ಲ. ಇದ್ದದ್ದನ್ನೇ ಹೇಳಿದಳು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಮುಂದೆ ನಾಡು ಒಂದಾಯಿತು. ನಮ್ಮ ಓಣಿಯಲ್ಲೂ ಸಕ್ಕರೆ ಹಂಚಿದರು. ಹೊಸ ರಾಜ್ಯಕ್ಕೆ ಹೊಸ ಪಟ್ಟಿ ಬೇಕಲ್ಲ, ಇದ್ದಲಿ ಯಾರು ಯಾರಿಗೆ ಎಂದು ವಿಚಾರಿಸಲು ಒಬ್ಬ ಗುಮಾಸ್ತ ಬಂದ. ಮೈಸೂರು ಕಡೆಯವನು. ಅಕ್ಕಾವರು, ಅವ್ವ ಕಟ್ಟೆಯ ಮೇಲೆ ಉಂಡೆ ಕಟ್ಟುತ್ತ ಕೂತಿದ್ದರು. ನಾನು ನಮ್ಮ ಬಾಗಿಲಲ್ಲೇ ನಿಂತಿದ್ದೆ, ಕೈಯೆಲ್ಲ ಜೋಳದ ಹಿಟ್ಟು.

“ಈ ಅಜ್ಜಿ ಯಾರು ತಾಯಿ? ನಿಮ್ಮ ಜೊತೇಲೇ ಇರ್ತಾರಾ?” ಎಂದ ಗುಮಾಸ್ತ.

“ನನ್ನ ತಂಗೀರಿ. ನನ್ನ ಜೋಡಿನ ಇರ್ತಾಳ್ರಿ,” ಅಂದರು ಅಕ್ಕಾವರು. ಅವರ ಬಾಯಿಂದ ಸುಳ್ಳು ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಗುಮಾಸ್ತ ಅವ್ವನ ಕಡೆ ತಿರುಗಿದ. “ಹೌದೇನಮ್ಮಾ?”

“ಹೌದ್ರಿ,” ಅಂದಳು ಅವ್ವ, ತಲೆ ತಗ್ಗಿಸಿ.

ಎರಡನೆಯ ಚೀಲ ಅವ್ವನಿಗಾಗಿ ಎಂದು ನನಗೆ ತಿಳಿಯಲಿಲ್ಲವೇ? ತಿಳಿದಿತ್ತು. ಅದು ನಮ್ಮ ಮನೆಗೇ ಬರುತ್ತಿತ್ತೆಂಬುದೂ ಗೊತ್ತಿತ್ತು. ಆದರೆ ಆ ಹೌದ್ರಿ... ಹೆತ್ತ ಮಗಳು ನಾಲ್ಕು ಮಾರು ದೂರದಲ್ಲಿ ನಿಂತಿರುವಾಗ, ಒಂದು ಚೀಲ ಇದ್ದಲಿಗೆ ಅವ್ವ ಬೇರೆಯವರ ಮನೆಯವಳಾದಳಲ್ಲ!

“ಸುಳ್ಳ ಐತ್ರಿ ಅದು! ಅಕಿ ನಮ್ಮವ್ವ. ನಮ್ಮ ಮನ್ಯಾಗ ಇರ್ತಾಳ, ನಾ ಮಾಡಿದ ರೊಟ್ಟಿ ತಿಂತಾಳ!” ಎಂದು ಕೂಗಿದೆ.

ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ಅಕ್ಕಾವರ ಮುಖ ನೋಡಿದ. ಅವರು ಕೈಗೆ ಮೆತ್ತಿದ ಕರಿಯನ್ನು ಮೆಲ್ಲಗೆ ಒರೆಸಿಕೊಂಡರು. “ಖರೆ ಐತ್ರಿ. ಆ ಹುಡುಗಿ ಹೇಳಿದ್ದ ಖರೆ,” ಅಂದರು.

ಸುಳ್ಳು ಬರೆಸಲು ಹೋದವರೆಂದು ಅಕ್ಕಾವರ ಹೆಸರನ್ನೇ ಪಟ್ಟಿಯಿಂದ ಹೊಡೆದುಹಾಕಿದರು. ಆ ವರ್ಷ ಒಂದು ಚೀಲವೂ ಬರಲಿಲ್ಲ.

ಅಕ್ಕಾವರು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಎಂದಿನಂತೆ “ರೊಟ್ಟಿ ಆತೇನವಾ?” ಎಂದು ಕೇಳುತ್ತಿದ್ದರು. ಅವ್ವ ಮಾತ್ರ ಒಂದೇ ಸಲ, “ನಿನಗ ನಾ ಏನ ಕಡಿಮಿ ಮಾಡಿದ್ನೆವ್ವ?” ಅಂದಳು.

ಇದ್ದಲಿ ಹೋಯಿತು, ಇನ್ನು ಅವ್ವ ನಮ್ಮ ಮನೆಯಲ್ಲೇ ಕೂಡುತ್ತಾಳೆ ಅಂದುಕೊಂಡಿದ್ದೆ. ಆದರೂ ಅವಳು ಅಕ್ಕಾವರ ಮನೆಗೇ ಹೋದಳು. ದಿನಾ ಹೋದಳು. ಕೆಮ್ಮುತ್ತ, ಒಂದೇ ಕೌದಿಯನ್ನು ಇಬ್ಬರೂ ಹೊದ್ದುಕೊಂಡು, ಹುಡುಗಿಯರ ಕಥೆ, ಶಾಲೆಯ ಕಥೆ ಹೇಳುತ್ತ ಕೂಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನಗೂ ಒಂದು ಜಾಗ ಮಾಡಿಕೊಡ್ರಿ ಎಂದು ಕೇಳಲು ಸೊಕ್ಕು ಬಿಡಲಿಲ್ಲ. ತಪ್ಪಾಯಿತು ಅನ್ನಲೂ ಬಿಡಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅಕ್ಕಾವರ ಅಣ್ಣನ ಮಗ ಬಂದು ಅವರನ್ನು ಕುರ್ತಕೋಟಿಗೆ ಕರೆದುಕೊಂಡು ಹೋದ. ಮಾಗಿ ಮುಗಿಯುವ ಮೊದಲೇ ಅವರು ತೀರಿಕೊಂಡ ಖಬರ ಬಂತು. ಥಂಡಿಯಿಂದಲೋ, ವಯಸ್ಸಿನಿಂದಲೋ... ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ಅವ್ವನೂ ಇಲ್ಲ. ನನಗೂ ಸಂಜೆಯಾದರೆ ಎದೆ ಕಟ್ಟುತ್ತದೆ. ಸೊಸೆ ಬಿಸಿನೀರು ಕೊಡುತ್ತಾಳೆ, ಹೊದಿಕೆ ಕೊಡುತ್ತಾಳೆ, ಯಾವುದಕ್ಕೂ ಕೊರತೆ ಇಲ್ಲ. ಪಕ್ಕದಲ್ಲಿ ಕೂಡುವ ಅಕ್ಕಾವರೊಬ್ಬರಿಲ್ಲ, ಅಷ್ಟೇ. ಅವ್ವ ಜ್ವರದಲ್ಲಿ ಮಲಗಿದ್ದ ಕೊನೆಯ ದಿನ ನನ್ನ ಕೈ ಹಿಡಿದುಕೊಂಡು, “ಅಕ್ಕಾವ್ರ, ಥಂಡಿ ಭಾಳ ಐತ್ರಿ, ಸನೇಕ ಬರ್ರಿ,” ಅಂದಿದ್ದಳು. ಅಕ್ಕಾವರಲ್ಲ, ನಿನ್ನ ಮಗಳು ಅಂತ ನಾನು ಹೇಳಲಿಲ್ಲ. ಹತ್ತಿರ ಹೋಗಿ ಕೂತೆ. ಆಗಲೂ ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ.