ನಿಂತ ಮಗ್ಗದ ಸದ್ದು

ಕಾಣದ್ದನ್ನು ಕಂಡೆ, ಕೇಳದ್ದನ್ನು ಕೇಳಿದೆ ಎಂದು ಯಾರಾದರೂ ಶುರು ಮಾಡಿದರೆ ನಾನು ಮೆಲ್ಲಗೆ ಎದ್ದು ಒಳಗೆ ಹೋಗುವವಳು. ಬೈಲಹೊಂಗಲದ ನಮ್ಮ ಮನೆಯಲ್ಲಿ ಅಂಥ ಕತೆಗಳಿಗೆ ಕಡಿಮೆಯಿರಲಿಲ್ಲ. ನನಗೆ ನಂಬಿಕೆಯಿರಲಿಲ್ಲ, ಅಷ್ಟೆ. ಈಗ ನಾನು ಹೇಳುವುದನ್ನು ನೀವು ನಂಬದಿದ್ದರೂ ಬೇಸರ ಮಾಡಿಕೊಳ್ಳುವುದಿಲ್ಲ.

ಐದಾರು ವರ್ಷದ ಹಿಂದೆ ಯುರೋಪಿನ ಒಂದು ಊರಿನಲ್ಲಿ ಎಂ.ಎ. ಓದುತ್ತಿದ್ದೆ. ವಿಷಯ, ಅಲ್ಲಿನ ದುಡಿಮೆ ಮತ್ತು ಉದ್ಯೋಗ. ಕಾನೂನು, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎಲ್ಲ ಕೂಡಿಸಿ ಕಲಿಸುತ್ತಿದ್ದರು. ಕೆಲಸದ ವೇಳೆ, ರಜೆ, ನಿರುದ್ಯೋಗ, ಎಲ್ಲಕ್ಕೂ ಅಲ್ಲಿ ಒಂದೊಂದು ವ್ಯಾಖ್ಯೆ. ನಿಮ್ಮ ಕಡೆ ಕೆಲಸ ನಿಂತವರನ್ನು ಯಾರು ಗುರುತಿಸುತ್ತಾರೆ ಎಂದು ಗೆಳತಿಯೊಬ್ಬಳು ಕೇಳಿದಳು. ಪ್ರಬಂಧಕ್ಕೆ ಅದನ್ನೇ ಹಿಡಿದೆ: ಅಲ್ಲಿ ಮುಚ್ಚಿಹೋದ ಬಟ್ಟೆ ಗಿರಣಿಯ ಹೆಂಗಸರು, ಇಲ್ಲಿ ರಾಮದುರ್ಗದಲ್ಲಿ ಕೈಮಗ್ಗ ಬಿಟ್ಟ ಹೆಂಗಸರು.

ರಜೆಗೆ ಬಂದವಳು ಸವದತ್ತಿ ಮೇಲೆ ಹೋಗುವ ಬಸ್ಸು ಹಿಡಿದು ರಾಮದುರ್ಗಕ್ಕೆ ಓಡಾಡಿದೆ. ಅಲ್ಲಿ ಸಿಕ್ಕವರಲ್ಲಿ ಒಬ್ಬರು ಶಾಂತವ್ವ, ಅರವತ್ತು ದಾಟಿದ ನೇಕಾರ್ತಿ. ಮಗ್ಗ ಮಾರಿ ಕೊಟ್ಟು ಒಂಬತ್ತು ವರ್ಷವಾಗಿತ್ತು. ನೇಯುವಾಗ ಕಾಲು ಇಳಿಬಿಡುವ ಕುಣಿಗೆ ಫರಸಿ ಕಲ್ಲು ಹಾಸಿದ್ದರು. ಅದರ ಮೇಲೇ ಕುಳಿತು ಜೋಳ ಹಸನು ಮಾಡುತ್ತ ಒಂದು ತಾಸು ಮಾತಾಡಿದರು; ನಾನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡೆ. ಮಧ್ಯಾಹ್ನದ ಹೊತ್ತು, ಕರೆಂಟು ಹೋಗಿತ್ತು, ಓಣಿ ಬಿಕೋ ಎನ್ನುತ್ತಿತ್ತು.

"ಈಗ ಏನ್ ಕೆಲಸ ಮಾಡತೀರಿ?" ಎಂದು ಕೇಳಿದೆ.

"ಏನಿಲ್ಲವಾ. ಖಾಲಿ ಕುಂತೇನಿ."

ಯುರೋಪಿಗೆ ತಿರುಗಿ ಹೋದ ಮೇಲೆ ಗ್ರಂಥಾಲಯದಲ್ಲಿ ಕುಳಿತು ಆ ಮಾತುಗಳನ್ನು ಬರೆದುಕೊಳ್ಳತೊಡಗಿದೆ. ಇಯರ್‌ಫೋನಿನಲ್ಲಿ ಶಾಂತವ್ವನ ದನಿಯ ಹಿಂದೆ ಮಗ್ಗ ನಡೆಯುತ್ತಿತ್ತು. ಎರಡು ಬಡಿತ, ತುಸು ಬಿಡುವು, ಮತ್ತೆ ಎರಡು ಬಡಿತ. ಮೊದಲಿನಿಂದ ಕೊನೆಯತನಕ. ಉಳಿದವರ ಯಾರ ಮಾತಿನಲ್ಲೂ ಅಂಥ ಸದ್ದಿರಲಿಲ್ಲ.

ನನ್ನ ಕಿವಿಯ ಮೇಲೆ ನನಗೇ ಅನುಮಾನ ಬಂದು ಪ್ರಬಂಧದ ಮಾರ್ಗದರ್ಶಕಿಗೆ ಕೇಳಿಸಿದೆ. ಗಿರಣಿ ಹೆಂಗಸರ ನಡುವೆ ವರ್ಷಗಟ್ಟಲೆ ಓಡಾಡಿದವರು ಆಕೆ, ಕನ್ನಡ ಬಾರದು. ಎರಡು ನಿಮಿಷ ಕೇಳಿ, "ಪಕ್ಕದಲ್ಲೇ ಯಾರೋ ನೇಯುತ್ತಿದ್ದಾರೆ. ಇದನ್ನು ಕೆಲಸ ನಿಂತ ಮನೆ ಎಂದು ಹೇಗೆ ಬರೆದೆ?" ಎಂದರು. ಒಂದು ಮನೆ ಸುಳ್ಳಾದರೆ ಉಳಿದ ಮನೆಗಳನ್ನು ಯಾರು ನಂಬುತ್ತಾರೆ?

ಅಂದೇ ಶಾಂತವ್ವನ ಸೊಸೆಯ ನಂಬರಿಗೆ ಫೋನು ಹಚ್ಚಿದೆ. ಶಾಂತವ್ವನೇ ಮಾತಾಡಿದರು.

"ಬಾಜೂಕ ಯಾರದರ ಮಗ್ಗ ಐತೇನ್ರಿ?"

"ಈ ಓಣ್ಯಾಗ ಎಲ್ಲಿ ಮಗ್ಗವಾ? ಯಾವಾಗೋ ಎಲ್ಲಾ ಹೋದುವು."

ರೆಕಾರ್ಡು ಹಚ್ಚಿ ಆ ಸದ್ದನ್ನೇ ಫೋನಿಗೆ ಹಿಡಿದೆ.

"ಇನ್ನೊಮ್ಮಿ ಹಚ್ಚು," ಎಂದರು. ಹಚ್ಚಿದೆ.

"ಇದು ನನ್ನ ಕೈ ಅದವಾ."

"ಅಂದ್ರ?"

"ಎರಡು ಬಡದು ನಿಲ್ಲಾಕಿ ನಾ ಒಬ್ಬಾಕಿನ. ಎಡಗಾಲು ಜಗ್ಗತಿತ್ತು. ಅದಕ್ಕ ನಮ್ಮತ್ತಿ ದಿನಾ ಬೈತಿದ್ಲು." ಆಮೇಲೆ ದನಿ ತಗ್ಗಿಸಿ ಕೇಳಿದರು: "ಮಗ್ಗ ಕೊಡೋ ಮುಂದ ಒಂದು ಸೀರಿ ಅರ್ಧಕ್ಕ ಉಳಿದಿತ್ತು. ಎಲ್ಲೀತನಕ ಬಂದೈತಿ ಅಂತ ಅದರಾಗ ತಿಳಿತೈತೇನು?"

ತಿಳಿಯುವುದಿಲ್ಲ ಎಂದೆ.

ಪ್ರಬಂಧದ ಪಟ್ಟಿಯಲ್ಲಿ ಕೆಲಸವಿದೆ, ಕೆಲಸವಿಲ್ಲ ಎಂಬ ಎರಡು ಖಾನೆಗಳಿದ್ದವು. ಶಾಂತವ್ವನ ಹೆಸರಿನ ಮುಂದೆ ಎರಡನ್ನೂ ಖಾಲಿ ಬಿಟ್ಟೆ. ಮಾರ್ಗದರ್ಶಕಿ ಅದಕ್ಕೆ ಅಂಕ ಕಡಿಮೆ ಮಾಡಿದರು; ನಾನು ವಾದಿಸಲಿಲ್ಲ. ಫೋನಿನ ದೋಷವೆಂದು, ಹಳೆಯ ಯಾವುದೋ ರೆಕಾರ್ಡು ಕೂಡಿಕೊಂಡಿತೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಶಾಂತವ್ವನನ್ನು ಆ ಮಧ್ಯಾಹ್ನಕ್ಕಿಂತ ಮುಂಚೆ ನಾನು ಕಂಡೇ ಇರಲಿಲ್ಲ, ಅವರ ಮಗ್ಗದ ಸದ್ದನ್ನು ಕೇಳಿಯೂ ಇರಲಿಲ್ಲ.